ಆರು ಬೆರಳಿನ ಜಾಗ

ನನ್ನ ಮಾಡ್ಯೂಲನ್ನು ಕಿತ್ತು, ಹಳೆಯ ಟವೆಲ್ಲಿನಲ್ಲಿ ಸುತ್ತಿ, ತಂದು ನನ್ನ ಕೈಗೇ ಕೊಟ್ಟರು. ಕೊಟ್ಟವರು ನನ್ನ ಮಾವ ಪುಟ್ಟಮಾದಯ್ಯನವರು. "ಜೋಪಾನವಾಗಿ ಎತ್ತಿಡಮ್ಮ ಮಂಗಳಾ, ಧೂಳು ಕೂತ್ಕೊಳ್ಳುತ್ತೆ" ಎಂದು ಬುದ್ಧಿ ಬೇರೆ ಹೇಳಿದರು. ಹನ್ನೊಂದು ವರ್ಷ ಆ ಮನೆಯಲ್ಲಿ ಬೇಯಿಸಿ ಬಡಿಸಿದವಳಿಗೆ ಇಷ್ಟು ಮರ್ಯಾದೆಯಿಂದ ಅವಮಾನ ಮಾಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಇದನ್ನೆಲ್ಲ ನಾನು ಸಿಟ್ಟಿನಲ್ಲೇ ಹೇಳುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಹೇಳೋಣವೆಂದು ಕಾದು ನೋಡಿದೆ, ಇಳಿಯಲಿಲ್ಲ.

ನಮ್ಮೂರಿನಲ್ಲಿ ದಿನಾ ಮಧ್ಯಾಹ್ನ ನಾಲ್ಕಕ್ಕೆ ದಟ್ಟ ಮಂಜಿನಂಥ ಬಿಳಿ ಇಳಿಯುತ್ತದೆ, ಆರಕ್ಕೆ ಏಳುತ್ತದೆ. ಹೊಸ್ತಿಲ ಒಳಗೆ ಬರುವುದಿಲ್ಲ, ಹೊರಗೆ ಮಾತ್ರ ಚಾಚಿದ ಕೈ ಚಾಚಿದವರಿಗೇ ಕಾಣದು. ಬಿಳಿಯಲ್ಲಿ ಸಿಕ್ಕಿದವರು ಕೂರಬಾರದು, ಕೂತವರನ್ನು ಆಮೇಲೆ ನಾಲ್ಕು ಜನ ಎತ್ತಿಕೊಂಡೇ ಬರಬೇಕಾಗುತ್ತದೆ. ನಡೆಯುತ್ತಲೇ ಇರಬೇಕು, ತಮ್ಮ ಮನೆಯ ಸದ್ದು ಹಿಡಿದು ಬಂದು ಸೇರಬೇಕು. ಕಂಡವರ ಮನೆಯ ಸದ್ದಿನ ಬೆನ್ನು ಹತ್ತಿ ಹೋಗುವುದು ನಮ್ಮಲ್ಲಿ ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಊರ ತೆಂಕಣಕ್ಕೆ ಕಲ್ಲುಕ್ವಾರಿಯಿದೆ. ಪರರ ಮನೆಗೆ ನುಗ್ಗುವುದಕ್ಕಿಂತ ಅದೇ ಮೇಲೆಂದು ಅದರೊಳಗೆ ನಡೆದುಹೋದ ಮರ್ಯಾದಸ್ಥರ ಹೆಸರುಗಳನ್ನು ಬೇಕಾದರೆ ಬೆರಳು ಮಡಿಸಿ ಹೇಳುತ್ತೇನೆ. ಬಿಳಿಯ ಹೊತ್ತಿನಲ್ಲಿ ಬಾಯಿ ಬಿಟ್ಟು ಕೂಗುವಂತೆಯೂ ಇಲ್ಲ. ಎಲ್ಲರೂ ಕೂಗತೊಡಗಿದರೆ ಯಾರ ಮನೆಯ ಸದ್ದೂ ಯಾರಿಗೂ ಕೇಳುವುದಿಲ್ಲ ಎನ್ನುವುದು ಕಾರಣ.

ಹಾಗಾಗಿ ಪ್ರತಿ ಮನೆಯ ಜಗಲಿಗೋಡೆಯಲ್ಲೂ ಕರೆಂಟಿನಿಂದ ಸದ್ದು ಹೊರಡಿಸುವ ಒಂದು ಸಿಂಥಸೈಸರ್ ಇರುತ್ತದೆ. ನಾವು ಅದನ್ನು ಮನೆಪೆಟ್ಟಿಗೆ ಅನ್ನುತ್ತೇವೆ. ಕಪಾಟಿನಂಥ ಒಂದು ಚೌಕಟ್ಟು, ಅದರಲ್ಲಿ ಒಂದರ ಪಕ್ಕ ಒಂದು ಕೂರಿಸಿದ ಮಾಡ್ಯೂಲುಗಳು, ಅಂದರೆ ಒಂದೊಂದು ಕೆಲಸದ ಬಿಡಿಭಾಗಗಳು, ಒಂದರಿಂದ ಇನ್ನೊಂದಕ್ಕೆ ಚುಚ್ಚಿದ ಬಣ್ಣಬಣ್ಣದ ವಯರುಗಳು. ಚೌಕಟ್ಟಿನ ಅಗಲ ಎಂಬತ್ತನಾಲ್ಕು ಬೆರಳು, ಅರಮನೆಯಂಥ ಮನೆಯಾದರೂ ಅಷ್ಟೇ, ಗುಡಿಸಲಾದರೂ ಅಷ್ಟೇ. ಮದುವೆಯಾಗಿ ಬಂದ ಹೆಣ್ಣು ತವರಿನಿಂದ ಒಂದು ಮಾಡ್ಯೂಲ್ ತರಬೇಕು. ಮದುವೆಯಾದ ಒಂಬತ್ತನೆಯ ದಿನ ಅದನ್ನು ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ಅಲ್ಲಿಂದ ಅವಳು ಆ ಮನೆಯವಳು. ಪೆಟ್ಟಿಗೆಯಿಂದ ಮಾಡ್ಯೂಲ್ ತೆಗೆಯಬಹುದಾದದ್ದು ಇಬ್ಬರದು ಮಾತ್ರ: ಸತ್ತು ಮೂರು ವರ್ಷವಾದವರದು, ಮನೆ ಬಿಟ್ಟು ಓಡಿಹೋದವರದು. ನಾನು ಸತ್ತಿರಲಿಲ್ಲ. ಓಡಿಹೋಗಲು ಬಿಡುವೂ ಇರಲಿಲ್ಲ.

ನನ್ನದು ಆರು ಬೆರಳಿನ ಪುಟ್ಟ ಮಾಡ್ಯೂಲ್. ಒಂದು ತಿರುಗುಗುಂಡಿ, ನಾಲ್ಕು ತೂತು, ಉಸಿರಾಡಿದ ಹಾಗೆ ಮೆಲ್ಲಗೆ ಬೆಳಗಿ ಆರುವ ಒಂದು ದೀಪ. ಅದು ತಾನಾಗಿ ಸದ್ದು ಮಾಡುವುದಿಲ್ಲ. ನಿಧಾನವಾದ ಒಂದು ಅಲೆಯನ್ನು ಹುಟ್ಟಿಸಿ ವಯರಿನಲ್ಲಿ ಕಳಿಸುತ್ತದೆ, ಅಲೆ ಹೋಗಿ ಸೇರಿದ ಮಾಡ್ಯೂಲು ಏರಿ ಇಳಿಯುತ್ತದೆ. ಮದುವೆಯ ಹೊತ್ತಿನಲ್ಲಿ ಅಪ್ಪ ನನಗೆ ಜೋರು ದನಿ ಹುಟ್ಟಿಸುವ ಒಂದು ಆಸಿಲೇಟರ್ ಕೊಡಿಸಬೇಕೆಂದಿದ್ದ. ಅಂಗಡಿಗೆ ಬಂದ ಅಮ್ಮ ಅದನ್ನು ಪಕ್ಕಕ್ಕಿಟ್ಟು, "ಹೋದ ಮನೇಲಿ ಸದ್ದು ಮಾಡೋರು ಬೇಕಾದಷ್ಟು ಜನ ಇರ್ತಾರೆ ಕಣೇ, ಇದನ್ನ ತಗೊಂಡೋಗು" ಎಂದು ಈ ಮೂಕಪ್ಪನನ್ನು ಆರಿಸಿದಳು. ಅಮ್ಮನ ಮೇಲೂ ನನಗೆ ಸಿಟ್ಟಿದೆ. ಅವಳು ಹೇಳಿದ್ದು ನಿಜವಾದ್ದರಿಂದ ಸಿಟ್ಟು ಇನ್ನೂ ಜಾಸ್ತಿ.

ನಾನು ಬಂದಾಗ ಆ ಮನೆಯ ಪೆಟ್ಟಿಗೆ ನೋಡುವ ಹಾಗಿರಲಿಲ್ಲ. ಯಾವುದರ ಪಕ್ಕ ಯಾವುದು ಇರಬೇಕೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ತುದಿಯಿಂದ ಆ ತುದಿಗೆ ವಯರು ಜೋತುಬಿದ್ದು, ಗುಂಡಿ ತಿರುಗಿಸಲು ಕೈ ಹಾಕಿದರೆ ಬಳೆ ಸಿಕ್ಕಿಕೊಳ್ಳುತ್ತಿತ್ತು. ಒಂದು ತಿಂಗಳು ದಿನಾ ಬೆಳಗ್ಗೆ ಪಾತ್ರೆ ತೊಳೆದ ಮೇಲೆ ಕೂತು ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸಿದೆ. ಕರೆಂಟಿನ ಮಾಡ್ಯೂಲ್ ಬಿಸಿಯಾಗುತ್ತದೆಂದು ಬಲತುದಿಗೆ, ಗಾಳಿ ಆಡುವ ಕಡೆಗೆ ಹಾಕಿದೆ. ಅತ್ತೆ ಚನ್ನಾಜಮ್ಮನವರ ಇಪ್ಪತ್ತೆರಡು ಬೆರಳಿನ ದಪ್ಪ ಆಸಿಲೇಟರ್, ಅದರ ಕೂಗಿನ ಒರಟು ತೆಗೆಯುವುದಕ್ಕೆ ಪಕ್ಕದಲ್ಲೇ ಮುತ್ತಾತನ ಕಾಲದ ಫಿಲ್ಟರ್, ಅದರಾಚೆ ಅತ್ತೆಯ ಅತ್ತೆ ತಂದ ಸ್ಪ್ರಿಂಗಿನ ಮಾರ್ದನಿ. ನನ್ನದನ್ನು ಎಡತುದಿಯ ಮೂಲೆಯಲ್ಲಿ ಕೂರಿಸಿ ಅದರಿಂದ ನಾಲ್ಕು ವಯರು ಎಳೆದೆ. ಒಂದು ಫಿಲ್ಟರಿಗೆ, ಒಂದು ಮಾರ್ದನಿಗೆ, ಒಂದು ಸದ್ದಿನ ಜೋರಿಗೆ, ಒಂದು ಅತ್ತೆಯ ಆಸಿಲೇಟರಿನ ಶ್ರುತಿಗೆ, ಅದೂ ಕೂದಲೆಳೆಯಷ್ಟು. ಆಮೇಲೆ ಆ ಮನೆಯ ಸದ್ದು ಎಷ್ಟು ಚೆನ್ನಾಗಿ ಏರಿ ಇಳಿಯುತ್ತಿತ್ತೆಂದರೆ ಸಂತೆಯಲ್ಲಿ ಜನ ಅತ್ತೆಯನ್ನು ನಿಲ್ಲಿಸಿ, "ಏನ್ ಚನ್ನಾಜಮ್ಮ, ನಿಮ್ಮ ಸದ್ದು ಊರಾಚೆಗೂ ಕೇಳುತ್ತೆ ಕಣ್ರೀ" ಅನ್ನುತ್ತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು, "ನಮ್ಮಪ್ಪ ಕೊಡ್ಸಿದ್ದು" ಅನ್ನುತ್ತಿದ್ದರು. ಪಕ್ಕದಲ್ಲಿ ಚೀಲ ಹೊತ್ತು ನಾನು ನಿಂತಿರುತ್ತಿದ್ದೆ.

ಇನ್ನು ಮಾವನ ದೀಪದ ಸಾಲು. ಹನ್ನೆರಡು ಬೆರಳು ಅಗಲ, ಮೂರು ಸಾಲು ಬಣ್ಣದ ದೀಪಗಳು, ಓಡಿ ಓಡಿ ಹತ್ತುತ್ತವೆ, ಆರುತ್ತವೆ. ಅದು ಸದ್ದಿಗೆ ಏನು ಮಾಡುತ್ತದೆ ಎಂದು ಕೇಳಿದರೆ ಏನೂ ಮಾಡುವುದಿಲ್ಲ. ಬಿಳಿಯಲ್ಲಿ ಬರುವವರಿಗೆ ದೀಪ ಕಾಣುವುದೂ ಇಲ್ಲ. ಮಾವ ಅದನ್ನು ಯಾವುದೋ ಊರಿನ ಅಂಗಡಿಯಲ್ಲಿ ಕಂಡು ಮನಸೋತು ತಂದಿದ್ದರು, ಬಂದ ನೆಂಟರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಿದ್ದರು.

ಮೈದುನ ಶಿವನಂಜನ ಮದುವೆಯಾಗಿ ದಾಕ್ಷಾಯಣಿ ಬಂದಳು. ಅವಳು ತಂದದ್ದು ಕಂಚಿನ ಲೋಟಕ್ಕೆ ಚಮಚ ತಾಗಿಸಿದಂಥ ದನಿಯ ಒಂದು ಚಿಕ್ಕ ಆಸಿಲೇಟರ್. ಅದೂ ಆರೇ ಬೆರಳು. ಎಂಬತ್ತನಾಲ್ಕು ಬೆರಳೂ ತುಂಬಿದ್ದ ಪೆಟ್ಟಿಗೆಯಲ್ಲಿ ಒಂದನ್ನು ತೆಗೆಯದೆ ಇನ್ನೊಂದು ಕೂರುವಂತಿರಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಮಾವ ಪೆಟ್ಟಿಗೆಯ ಮುಂದೆ ನಿಂತು ಬೆರಳಿಟ್ಟು ಅಳೆದರು. ನಾನು ದೀಪದ ಸಾಲಿನ ಕಡೆ ನೋಡಿದೆ. ಅವರು ನನ್ನ ಮಾಡ್ಯೂಲಿನ ಕಡೆ ನೋಡಿದರು.

"ಇದು ಆರು, ಅದೂ ಆರು. ಅಳತೆ ಹೇಳಿ ಮಾಡಿಸ್ದಂಗಿದೆ" ಅಂದರು.

"ಮಾವ, ಅದು ನಂದು" ಅಂದೆ.

"ನಿಂದೇ ಕಣಮ್ಮ, ಯಾರು ಇಲ್ಲ ಅಂದ್ರು? ಆದ್ರೆ ಅದು ಸದ್ದೇ ಮಾಡಲ್ವಲ್ಲ. ಇದ್ರೂ ಒಂದೇ, ಇಲ್ದಿದ್ರೂ ಒಂದೇ."

"ಅದಿಲ್ದಿದ್ರೆ ಸದ್ದು ಏರೋದಿಲ್ಲ, ಇಳಿಯೋದಿಲ್ಲ. ಒಂದೇ ಸಮ ಊಂ ಅನ್ನುತ್ತೆ. ಒಂದೇ ಸಮ ಇರೋ ಸದ್ದು ಯಾವ ಕಡೆಯಿಂದ ಬರ್ತಿದೆ ಅಂತ ಕಿವಿಗೆ ಗೊತ್ತಾಗಲ್ಲ ಮಾವ. ದಿಕ್ಕು ಸಿಗಲ್ಲ."

"ಸದ್ದಿಗೆ ಎಂಥ ದಿಕ್ಕೇ?" ಎಂದು ಅತ್ತೆ ಒಳಗಿನಿಂದ ಹೇಳಿದರು. "ನಮ್ಮನೇಲಿ ನೀನು ಬರೋಕ್ ಮುಂಚೆ ಯಾರೂ ಮನೆಗ್ ಬರ್ತಿರ್ಲಿಲ್ವಾ?"

ಬರುತ್ತಿದ್ದರು. ಅವರ ಅತ್ತೆಯ ನಾದಿನಿ ಮಾತ್ರ ಒಂದು ದಿನ ಬಿಳಿಯಿಂದ ಬಂದಿರಲಿಲ್ಲ, ಆದರೆ ಆ ಮಾತನ್ನು ನೆನಪಿಸುವಂತಿಲ್ಲ. ನಾನು ಗಂಡನ ಮುಖ ನೋಡಿದೆ. ಮಲ್ಲೇಶ ಹಿಟ್ಟಿನ ಗಿರಣಿ ನಡೆಸುತ್ತಾನೆ, ದಿನವಿಡೀ ಗಿರಣಿಯ ಗದ್ದಲದಲ್ಲಿದ್ದು ಮನೆಯಲ್ಲಿ ಏನೂ ಕೇಳಿಸದವನ ಹಾಗಿರುವುದು ಅವನಿಗೆ ಅಭ್ಯಾಸ. "ಅಪ್ಪ ಹೇಳ್ತಿದ್ದಾರಲ್ಲ" ಎಂದ. ಅಷ್ಟೇ. ದಾಕ್ಷಾಯಣಿ ಏನೋ ಹೇಳಲು ಬಾಯಿ ತೆರೆದಳು. ಹೊಸ ಸೊಸೆಗೆ ಮಾತೇಕೆ ಎನ್ನುವಂತೆ ಅತ್ತೆ ಕೆಮ್ಮಿದರು.

ಮಾವ ಕಿತ್ತರು. ನಾಲ್ಕು ವಯರನ್ನೂ ಸೊಪ್ಪು ಕಿತ್ತ ಹಾಗೆ ಒಂದೇ ಹಿಡಿಯಲ್ಲಿ ಎಳೆದರು. ಹೊಸತನ್ನು ಕೂರಿಸಿ ಸದ್ದು ಹಚ್ಚಿದರೆ, ಊಂ ಎಂದು ಚೊಕ್ಕವಾಗಿ, ನೀಟಾಗಿ, ಬಳಪದಲ್ಲಿ ಗೆರೆ ಎಳೆದಂತೆ ಬಂತು. ಎಲ್ಲರಿಗೂ ಬಹಳ ಇಷ್ಟವಾಯಿತು. "ಇನ್ ಯಾರೂ ಮುಟ್ಬೇಡಿ, ಚೆನ್ನಾಗಿ ಕೂತಿದೆ" ಎಂದು ಮಾವ ಪೆಟ್ಟಿಗೆಯ ಕಬ್ಬಿಣದ ಜಾಲರಿ ಬಾಗಿಲು ಮುಚ್ಚಿ, ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಯಾರೂ ಅಂದರೆ ಯಾರು ಎಂದು ಎಲ್ಲರಿಗೂ ಗೊತ್ತಿತ್ತು.

ಅವತ್ತೇ ಮೇಗಲ ಕೇರಿಯಲ್ಲಿ ಮಾವನ ತಮ್ಮನ ಮೊಮ್ಮಗುವಿಗೆ ನಾಮಕರಣ. ಐದು ಜನವೂ ಹೊರಟರು. ನಾನು ತಲೆನೋವೆಂದೆ. ಸುಳ್ಳೇನಲ್ಲ, ಮೈಯೆಲ್ಲ ಉರಿಯುವಾಗ ತಲೆಯೊಂದು ತಣ್ಣಗಿರುತ್ತದೆಯೇ? ಟವೆಲ್ಲಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಬಾಗಿಲಲ್ಲಿ ಕೂತೆ. ಊಟವೂ ಮಾಡಲಿಲ್ಲ.

ನಾಲ್ಕಕ್ಕೆ ಬಿಳಿ ಇಳಿಯಿತು. ಪೆಟ್ಟಿಗೆ ತಾನಾಗಿ ಊಂ ಎನ್ನತೊಡಗಿತು. ನಾಲ್ಕೂವರೆಗೆಲ್ಲ ಬರುತ್ತೇವೆಂದು ಹೋದವರು ಬರಲಿಲ್ಲ. ಪಕ್ಕದ ಮನೆಯವರು ಬಂದದ್ದು ಕೇಳಿಸಿತು, ಎದುರು ಮನೆಯವರು ಬಂದು ಕಾಲು ತೊಳೆದದ್ದೂ ಕೇಳಿಸಿತು. ನಮ್ಮವರ ಸುಳಿವಿಲ್ಲ. ಅಲೆಯಲಿ ಎಂದುಕೊಂಡೆ. ಇದನ್ನು ಮುಚ್ಚಿಟ್ಟು ನಾನು ಒಳ್ಳೆಯವಳಾಗಬೇಕಾಗಿಲ್ಲ. ಚೆನ್ನಾಗಿ ಅಲೆಯಲಿ, ಸದ್ದಿಗೆ ದಿಕ್ಕು ಯಾಕೆ ಬೇಕು ಎಂದು ಕಾಲಿಗೆ ಗೊತ್ತಾಗಲಿ ಎಂದು ಅರ್ಧ ಗಂಟೆ ಹಾಯಾಗಿ ಕೂತಿದ್ದೆ.

ಐದಾಯಿತು. ಕ್ವಾರಿ ನೆನಪಾಯಿತು. ಅದಕ್ಕೆ ಬೇಲಿ ಹಾಕಿ ಎಂದು ಊರಿನವರು ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ, ಯಾರ ಕಿವಿಗೂ ಬಿದ್ದಿಲ್ಲ. ಎದ್ದು ಜಾಲರಿ ಬಾಗಿಲು ಜಗ್ಗಿದೆ, ಬೀಗ ಅಲುಗಲಿಲ್ಲ. ಒಳಗಿನ ಗುಂಡಿಯನ್ನು ಕೈಯಲ್ಲೇ ಹಿಂದಕ್ಕೂ ಮುಂದಕ್ಕೂ ತಿರುಗಿಸಿದ್ದರೂ ಸಾಕಿತ್ತು, ಸದ್ದು ಏರಿ ಇಳಿಯುತ್ತಿತ್ತು. ಜಾಲರಿಯ ಕಣ್ಣಿನಲ್ಲಿ ಕಿರುಬೆರಳೂ ತೂರಲಿಲ್ಲ. ರುಬ್ಬುಗುಂಡಿನಿಂದ ಬೀಗಕ್ಕೆ ಕುಟ್ಟಿದೆ, ಕೈ ನೊಂದಿತೇ ಹೊರತು ಬೀಗಕ್ಕೇನೂ ಆಗಲಿಲ್ಲ. ಒಳಗೆ ದೀಪದ ಸಾಲು ಓಡಿ ಓಡಿ ಹತ್ತುತ್ತಿತ್ತು, ಆರುತ್ತಿತ್ತು. ಅದನ್ನು ನೋಡಿದ್ದೇ ತಡ, ನನ್ನ ತಾಳ್ಮೆ ಹರಿದುಹೋಯಿತು.

ಹೊಸ್ತಿಲ ಮೇಲೆ ನಿಂತು ಬಾಯಿ ಬಿಟ್ಟೆ. ಬರೀ ಹೆಸರು ಹಿಡಿದು ಕೂಗಿದರೆ ದನಿ ಒಂದೇ ಸಮ ಹೋಗುತ್ತದೆ, ಪೆಟ್ಟಿಗೆಯ ಊಂಗೂ ಅದಕ್ಕೂ ವ್ಯತ್ಯಾಸವಿಲ್ಲ. ಬೈದರೆ ಹಾಗಲ್ಲ. ಬೈಗುಳ ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ, ಮತ್ತೆ ಹತ್ತುತ್ತದೆ.

"ಕೇಳಿಸ್ತಾ ಇದ್ಯೇನ್ರೀ ಮಲ್ಲೇಶಪ್ನೋರೇ! ಇವತ್ತಾದ್ರೂ ಕೇಳಿಸ್ತಾ ಇದ್ಯಾ? ಹನ್ನೊಂದು ವರ್ಷ! ಉಪ್ಪು ಕಮ್ಮಿಯಾದ್ರೆ ಬಾಯಿ ಬರುತ್ತೆ, ಹೆಂಡ್ತೀನ ಗೋಡೆಯಿಂದ ಕಿತ್ತಾಗ ಬಾಯಿಗೇನ್ ಹಿಟ್ಟು ಮೆತ್ತಿತ್ತಾ?"

ಪಕ್ಕದ ಮನೆಯ ಬಸಲಿಂಗಮ್ಮ ಕಿಟಕಿ ತೆರೆದ ಸದ್ದು ಕೇಳಿಸಿತು. "ಅಯ್ಯೋ ಮಂಗಳಾ, ಬಿಳೀಲಿ ಬಾಯ್ ಬಿಡ್ತೀಯಲ್ಲೇ, ಏನ್ ಬಂತೇ ನಿಂಗೆ!"

"ಬರ್ಬೇಕಾದೋರು ಇನ್ನೂ ಬಂದಿಲ್ಲ ಬಸಲಿಂಗಮ್ನೋರೇ, ಅದಕ್ಕೇ!" ಎಂದು ನಾನು ನಿಲ್ಲಿಸಲಿಲ್ಲ. ಮೊದಲ ವರ್ಷದಿಂದ ಶುರು ಮಾಡಿದೆ. ಗೌರಿ ಹಬ್ಬಕ್ಕೆ ತವರಿಗೆ ಕಳಿಸದೆ ಹಪ್ಪಳದ ಹಿಟ್ಟು ಕಲೆಸಲು ಕೂರಿಸಿದ್ದು, ನಾನು ಜೋಡಿಸಿದ ಪೆಟ್ಟಿಗೆಯ ಹೊಗಳಿಕೆಯನ್ನು ಸಂತೆಯಲ್ಲಿ ಅತ್ತೆ ಸೆರಗಿಗೆ ಕಟ್ಟಿಕೊಂಡದ್ದು, ನನ್ನಪ್ಪ ಸತ್ತಾಗ ಮೂರನೆಯ ದಿನಕ್ಕೇ ಕರೆಯಲು ಬಂದದ್ದು. ಒಂದೊಂದನ್ನೂ ದಿನ, ವಾರ ಸಮೇತ ಹೇಳಿದೆ. ಇಷ್ಟೆಲ್ಲ ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ.

ಮೂರನೆಯ ವರ್ಷಕ್ಕೆ ಬಂದಾಗ ಮಲ್ಲೇಶ ಬಂದ. ಬಿಳಿಯಿಂದ ಮೊದಲು ಕೈ ಕಂಡಿತು, ಆಮೇಲೆ ಮುಖ. "ಸಾಕು ಮಾರಾಯ್ತಿ, ಊರೆಲ್ಲ ಕೇಳ್ತಾ ಇದೆ" ಎಂದ.

"ಊರಿಗಲ್ಲ ಹೇಳ್ತಿರೋದು, ನಿಮ್ಮಪ್ಪಂಗೆ. ಒಳಗೋಗಿ ಕೂತ್ಕೊಳ್ಳಿ" ಅಂದೆ. ಹೋಗಿ ಕೂತ.

ದೀಪದ ಸಾಲಿನ ಬಗ್ಗೆ ಅಂದದ್ದನ್ನು ಇಲ್ಲಿ ಹೇಳುವುದು ಬೇಡ. ಅದು ನಡೆಯುತ್ತಿರುವಾಗಲೇ ಮಾವ ಬಂದರು, ತಲೆಯ ಮೇಲಿನ ಪೇಟ ಕೈಯಲ್ಲಿತ್ತು. ಕಾಲು ಕೂಡ ತೊಳೆಯದೆ ಗೋಡೆ ಹಿಡಿದು ಒಳಗೆ ಹೋದರು. ಅವರ ಹಿಂದೆ ಶಿವನಂಜ ಬಂದ, ಒಬ್ಬನೇ.

"ದಾಕ್ಷಿ ಎಲ್ಲೋ?"

"ಕೈ ಬಿಟ್ಟೋಯ್ತು ಅತ್ತಿಗೆ" ಎಂದ.

ಒಂಬತ್ತು ದಿನ! ಒಂಬತ್ತು ದಿನ ಹಿಡಿದ ಕೈಯನ್ನು ಬಿಳಿಯ ನಡುವೆ ಬಿಟ್ಟು ಬಂದವನಿಗೆ ನಾನು ಏನೆಂದೆನೋ, ಅವನು ಇವತ್ತಿಗೂ ನನ್ನೆದುರು ತಲೆ ಎತ್ತುವುದಿಲ್ಲ. ಆ ದನಿಗೇ ಇರಬೇಕು, ಹುಡುಗಿ ಬಂದಳು. ಮೊಣಕಾಲು ತರಚಿ ಸೀರೆಗೆ ರಕ್ತ ಹತ್ತಿತ್ತು. ಬಂದವಳು ಒಳಗೆ ಹೋಗಲಿಲ್ಲ, ನನ್ನ ಪಕ್ಕದಲ್ಲೇ ಹೊಸ್ತಿಲು ಹಿಡಿದು ನಿಂತಳು.

ಉಳಿದದ್ದು ಅತ್ತೆ. ಐದೂ ಮುಕ್ಕಾಲಾಗಿತ್ತು. ಅತ್ತೆಗೆ ಅರವತ್ತೆಂಟು, ದಣಿದರೆ ಕೂತುಬಿಡುವ ಮೈ. ನಾನು ಬೈಯುತ್ತಲೇ ಇದ್ದೆ. ಏಳನೆಯ ವರ್ಷ, ಎಂಟನೆಯ ವರ್ಷ. ಒಂಬತ್ತನೆಯದರಲ್ಲಿ ದನಿ ಸೀಳಿತು. ಹತ್ತನೆಯದರ ಮೊದಲ ಮಾತಿಗೇ ಗಂಟಲು ಕಟ್ಟಿ, ಬಾಯಿ ಆಡಿದರೂ ಸದ್ದು ಹೊರಡಲಿಲ್ಲ. ಪೆಟ್ಟಿಗೆ ಮಾತ್ರ ಊಂ ಅನ್ನುತ್ತಿತ್ತು. ನನಗೆ ಆಗ ನಿಜವಾಗಿ ಹೆದರಿಕೆಯಾಯಿತು. ಅವರ ಮೇಲೆ ನನಗಿದ್ದ ಸಿಟ್ಟು ಒಂದು ಚೂರೂ ಕಮ್ಮಿಯಾಗಿರಲಿಲ್ಲ, ಆದರೂ ಆ ಮುದುಕಿ ಕ್ವಾರಿಯ ಅಂಚಿನಲ್ಲಿ ಎಲ್ಲೋ ಕಾಲಿಡುತ್ತಿರುವುದು ಕಣ್ಣಿಗೆ ಕಟ್ಟಿತು. ದಾಕ್ಷಿಯ ತೋಳು ಹಿಡಿದು ಕೈಸನ್ನೆ ಮಾಡಿದೆ: ನೀನು.

ಒಂಬತ್ತು ದಿನದ ಸೊಸೆ, ಅವಳಿಗೆ ಬೈಯಲು ಏನಿದ್ದೀತು ಎಂದುಕೊಂಡಿದ್ದೆ. ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅತ್ತೇ! ಮೂರನೇ ದಿನ ನನ್ನ ಟ್ರಂಕು ಬಿಚ್ಚಿ ಸೀರೆ ಎಣಿಸಿದ್ರಿ, ನಾನು ನೋಡ್ತಿದ್ದೆ! ನಮ್ಮಮ್ಮ ಕಳ್ಸಿದ ಚಕ್ಕುಲಿ ಎಣ್ಣೆ ವಾಸನೆ ಅಂದ್ರಿ, ಆಮೇಲೆ ನೀವೇ ತಿಂದ್ರಿ!" ದನಿ ಚಿಕ್ಕದು, ಆದರೆ ಎಷ್ಟು ಎತ್ತರಕ್ಕೆ ಹೋಗಿ ಎಷ್ಟು ಕೆಳಗಿಳಿಯುತ್ತಿತ್ತು! "ನಿಮ್ ಮಗ ಕೈ ಬಿಟ್ಟೋದ್ರು! ಅಕ್ಕಂದನ್ನ ಕಿತ್ತಾಕಿ ನಂದು ಕೂರ್ಸಿದ್ರಲ್ಲ, ನನ್ನೊಂದ್ ಮಾತು ಕೇಳಿದ್ರಾ? ಕೇಳಕ್ ಹೋದ್ರೆ ಕೆಮ್ಮಿದ್ರಿ! ನಾಳೆ ಇನ್ನೊಬ್ಳು ಬಂದ್ರೆ ನಂದನ್ನೂ ಇದೇ ಟವೆಲ್ನಲ್ಲಿ ಸುತ್ತಿ ಕೊಡ್ತೀರಾ? ಆವಾಗ ನಿಮ್ಗೆ ದಾರಿ ತೋರ್ಸೋಕೆ ಯಾರ್ ಬೈತಾರೆ ಅತ್ತೆ?"

ಆರಕ್ಕೆ ಎರಡು ನಿಮಿಷ ಇರುವಾಗ ಅತ್ತೆ ಬಂದರು. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿತ್ತು. ಸೀರೆಯ ಅಂಚಿಗೆಲ್ಲ ಕ್ವಾರಿಯ ಕಲ್ಲುಪುಡಿ. ಬಂದು ಜಗಲಿಯ ಮೇಲೆ ಕುಸಿದು ಕೂತರು. ದಾಕ್ಷಿ ಹಿಡಿದ ಮಾತನ್ನು ಪೂರ್ತಿ ಮುಗಿಸಿ, ಆಮೇಲೆ ಹೋಗಿ ನೀರು ತಂದು ಕೊಟ್ಟಳು. ಹೊರಗೆ ಬಿಳಿ ಎದ್ದು, ಎದುರು ಮನೆಗಳ ಬಾಗಿಲಲ್ಲಿ ಕೇಳುತ್ತ ನಿಂತಿದ್ದವರೆಲ್ಲ ಒಬ್ಬೊಬ್ಬರಾಗಿ ಕಂಡರು.

ಅತ್ತೆ ನೀರು ಕುಡಿದು, ಲೋಟ ಕೆಳಗಿಟ್ಟು, ಗಂಡನ ಕಡೆ ಕೈ ಚಾಚಿದರು. "ಕೀಲಿ" ಅಂದರು. ಮಾವ ಕೊಟ್ಟರು. ಬೀಗ ತೆಗೆದು ತಾವೇ ದೀಪದ ಸಾಲನ್ನು ಬಿಚ್ಚಿ, ಮಾವನ ಮಡಿಲಿಗೆ ಹಾಕಿ, "ನಿಂದನ್ನ ತಗೊಂಬಾ" ಎಂದು ನನಗೆ ಹೇಳಿದರು.

ನಾನು ಟವೆಲ್ಲಿನ ಗಂಟನ್ನು ಅವರ ಮುಂದಿಟ್ಟೆ, ಬಿಚ್ಚಲಿಲ್ಲ. ದನಿಯಿರಲಿಲ್ಲ, ಪಿಸುಗುಟ್ಟಿದೆ. "ಕಿತ್ತೋರು ಹಾಕ್ಲಿ."

"ಅವರ್ಗೇನ್ ಗೊತ್ತೇ ಅದು ಎಲ್ಲಿಂದ ಎಲ್ಲಿಗೆ ಅಂತ." ಅತ್ತೆ ಪೆಟ್ಟಿಗೆಯನ್ನು ನೋಡಿದರು. ನಲವತ್ತೊಂಬತ್ತು ವರ್ಷ ದಿನಾ ಕಂಡ ಪೆಟ್ಟಿಗೆ. "ನಂಗೂ ಗೊತ್ತಿಲ್ಲ. ನೀನ್ ಹೇಳು, ನಾನ್ ಹಾಕ್ತೀನಿ."

ಆ ಮನೆಯಲ್ಲಿ ನನ್ನನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಅವರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ. ಕಣ್ಣು ಕಾಣದೆ ಅವರು ವಯರನ್ನು ಮೂಗಿನ ಹತ್ತಿರ ತಂದು ಬಣ್ಣ ನೋಡುತ್ತಿದ್ದರು, ಬೆರಳಲ್ಲಿ ತಡವಿ ತೂತು ಹುಡುಕುತ್ತಿದ್ದರು. ನಾನು ಒಂದೊಂದಾಗಿ ಹೇಳಿದೆ. ಮೂರನೆಯ ವಯರು ತಪ್ಪೆಂದು ಕೀಳಿಸಿ, ಎರಡನೆಯ ಸಲ ಹಾಕಿಸಿದೆ. ಮೊದಲ ಸಲವೇ ಸರಿಯಾಗಿ ಹಾಕಿದ್ದರು.